ಗೆದ್ದರೆ ಏನು ಕೊಡ್ತಾರೆ?

ನಾನು ಹೋಗುವ ಫಿಟ್‌ನೆಸ್ ಸ್ಪರ್ಧೆಯಲ್ಲಾದರೆ, ಒಂದು ಪದಕ. ಒಂದು ಟೀ ಶರ್ಟು, ಅದು ಸೋತವರಿಗೂ ಸಿಗುತ್ತದೆ. ಪ್ರೋಟೀನ್ ಪುಡಿಯ ಡಬ್ಬಿ. ಯಾರೂ ಬಳಸದ ಡಿಸ್ಕೌಂಟ್ ಕೂಪನ್ನು. ನಗದು ಬಹುಮಾನ ಇದ್ದರೆ ಅದು ಮೊದಲ ಮೂರು ತಂಡಗಳಿಗೆ. ಅದನ್ನು ತಂಡದ ನಾಲ್ವರಿಗೆ ಪಾಲು ಮಾಡಿ, ಹೆಸರು ಬರೆಸಲು ಕಟ್ಟಿದ ದುಡ್ಡು ಕಳೆದರೆ ಒಂದು ಊಟದ ಖರ್ಚು ಹುಟ್ಟಬಹುದು. ನಮ್ಮ ತಂಡ ಆ ಮೂರರಲ್ಲಿ ಇರಲಿಲ್ಲ.

ಉತ್ತರ ಸಿಕ್ಕಿತಲ್ಲ? ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ನನಗೇನೂ ಬೇಜಾರಿಲ್ಲ.

ಸೋಮವಾರ ಆಫೀಸಿನಲ್ಲಿ ನಾನು ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿಯುತ್ತಿದ್ದರೆ ಯಾರಾದರೂ ಏನಾಯ್ತು ಅನ್ನುತ್ತಾರೆ. ಶನಿವಾರ ಭಾನುವಾರ ಫಿಟ್‌ನೆಸ್ ಸ್ಪರ್ಧೆ ಇತ್ತು ಅಂದರೆ ಮುಂದಿನ ಪ್ರಶ್ನೆ ಇದೇ. ಲಿಫ್ಟಿನಲ್ಲಿ ಕೇಳಿದ್ದಾರೆ. ಮದುವೆ ಮನೆಯಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರು, ನಾನು ಬಾಯಿ ತೆರೆದು ಕೂತಿದ್ದಾಗ, ಕೇಳಿದ್ದಾರೆ. ನನ್ನ ಪಕ್ಕದ ಸೀಟಿನವರು ಮ್ಯಾರಥಾನ್ ಓಡುತ್ತಾರೆ. ಅವರನ್ನು ಎಲ್ಲರೂ ‘ಎಷ್ಟು ಹೊತ್ತು ಹಿಡೀತು’ ಅಂತ ಕೇಳುತ್ತಾರೆ. ಏನು ಕೊಟ್ಟರು ಅಂತ ಒಬ್ಬರೂ ಕೇಳಿದ್ದು ನಾನು ಕೇಳಿಲ್ಲ. ಓಡುವವರಿಗೆ ಒಂದು ಮರ್ಯಾದೆ ಇದೆ. ಮರಳಿನ ಚೀಲ ಹೊತ್ತು ಓಡುವವರಿಗೆ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಎರಡು ದಿನದ ಸ್ಪರ್ಧೆ. ತಂಡಕ್ಕೆ ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಈ ಲೆಕ್ಕ, ಭಾರ ಎತ್ತುವುದು, ಓಟ, ಕಸರತ್ತು ಎಲ್ಲಾ ಬೆರೆಸಿದ ವ್ಯಾಯಾಮ ಪದ್ಧತಿಯಾದ ಕ್ರಾಸ್‌ಫಿಟ್‌ನಿಂದ ಬಂದದ್ದು. ಅವರ ದೊಡ್ಡ ಸ್ಪರ್ಧೆ ಕ್ರಾಸ್‌ಫಿಟ್ ಗೇಮ್ಸ್‌ನಲ್ಲಿ ಮೊದಲು ತಂಡಕ್ಕೆ ಆರು ಜನ ಇರುತ್ತಿದ್ದರು, 2018ರಲ್ಲಿ ನಾಲ್ಕಕ್ಕೆ ಇಳಿಸಿದರು. ಬಾರ್ ಎತ್ತುವುದು, ರೋಯಿಂಗ್ ಮಷಿನ್ ಎಳೆಯುವುದು, ಹಗ್ಗದಾಟ, ಬರ್ಪಿ (ನೆಲಕ್ಕೆ ಮಲಗಿ, ಎದ್ದು, ಜಿಗಿಯುವುದು), ಚೀಲ ಹೊರುವುದು, ಹೀಗೆ ಎರಡು ದಿನದಲ್ಲಿ ಮೂರು ನಾಲ್ಕು ಸುತ್ತು. ಒಂದೊಂದು ಸುತ್ತು ಹತ್ತು ಹದಿನೈದು ನಿಮಿಷ. ಉಳಿದ ಹೊತ್ತೆಲ್ಲಾ ನೆಲದ ಮೇಲೆ ಮ್ಯಾಟ್ ಹಾಸಿಕೊಂಡು, ಬಾಳೆಹಣ್ಣು ಖರ್ಜೂರ ತಿನ್ನುತ್ತಾ, ಮೊಸರನ್ನ ತಿನ್ನಬಹುದಾ ಬೇಡವಾ ಅಂತ ಜಗಳವಾಡುತ್ತಾ ಕಾಯುವುದು. ಹನ್ನೊಂದಕ್ಕೆ ಅಂದ ಸುತ್ತು ಒಂದೂವರೆಗೆ ಶುರುವಾಗುತ್ತದೆ. ಮೈಕಿನವನು ಮಾತ್ರ ಬೆಳಗ್ಗೆ ಏಳರಿಂದ ಒಂದೇ ಉತ್ಸಾಹದಲ್ಲಿ ಕಿರುಚುತ್ತಿರುತ್ತಾನೆ.

‘ಓ, ಹೈರಾಕ್ಸ್ ತಾನೇ?’ ಅಲ್ಲ. ಹೈರಾಕ್ಸ್ ಅಂದರೆ ಒಂದು ಕಿಲೋಮೀಟರ್ ಓಟ, ಆಮೇಲೆ ಒಂದು ಕಸರತ್ತು, ಹೀಗೆ ಎಂಟು ಸಲ. 2017ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಶುರುವಾಯಿತು. ಶುರು ಮಾಡಿದವರಲ್ಲಿ ಒಬ್ಬರು ಮೊರಿಟ್ಸ್ ಫುರ್ಸ್ಟೆ, ಎರಡು ಒಲಿಂಪಿಕ್ ಚಿನ್ನ ಗೆದ್ದ ಹಾಕಿ ಆಟಗಾರ. ಹಾಕಿ ಇಂಡಿಯಾ ಲೀಗಿನಲ್ಲಿ ರಾಂಚಿ ತಂಡಕ್ಕೂ ಆಡಿದ್ದರು. ಹೈರಾಕ್ಸ್ 2025ರ ಮೇ ತಿಂಗಳಲ್ಲಿ ಮುಂಬೈಗೆ ಬಂದ ಮೇಲೆ ನಮ್ಮ ಕಡೆ ಇಂಥ ಎಲ್ಲಾ ಸ್ಪರ್ಧೆಗೂ ಅದೇ ಹೆಸರು. ಅದು ಯಾವ ಊರಿಗೆ ಹೋದರೂ ಒಂದೇ ಥರ, ಏನೇನು ಮಾಡಬೇಕು ಅಂತ ಮೊದಲೇ ಗೊತ್ತಿರುತ್ತದೆ. ನಮ್ಮದರಲ್ಲಿ ಕೊನೆಯ ವಾರದವರೆಗೂ ಗೊತ್ತಿರುವುದಿಲ್ಲ. ಗೊತ್ತಾದ ದಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ನಾಲ್ವರೂ ಅಳುತ್ತೇವೆ.

ಬಹುಮಾನದ ವಿಷಯಕ್ಕೇ ಬರುವುದಾದರೆ, 2007ರಲ್ಲಿ ಕ್ಯಾಲಿಫೋರ್ನಿಯಾದ ಒಂದು ರ‍್ಯಾಂಚಿನಲ್ಲಿ ಮೊದಲ ಕ್ರಾಸ್‌ಫಿಟ್ ಗೇಮ್ಸ್ ನಡೆದಾಗ ಗೆದ್ದವರಿಗೆ ಸಿಕ್ಕಿದ್ದು 500 ಡಾಲರ್. 2018ರ ಹೊತ್ತಿಗೆ ಅದು 3 ಲಕ್ಷ ಡಾಲರ್ ಆಗಿತ್ತು. ಅಂದರೆ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಇಟ್ಟುಕೊಂಡ ಜನ ಭೂಮಿ ಮೇಲೆ ಇದ್ದಾರೆ. ಅವರನ್ನು ಕೇಳಿ. ನನ್ನನ್ನು ತಂಡಕ್ಕೆ ಸೇರಿಸಿಕೊಂಡದ್ದೇ ಎರಡನೇ ಹೆಂಗಸು ಸಿಗದೆ ಇದ್ದದ್ದಕ್ಕೆ. ನಮ್ಮ ಜಿಮ್ಮಿನಲ್ಲಿ ತಂಡ ಕಟ್ಟುವಾಗ ಗಂಡು ಹುಡುಗರು ಸಾಲುಗಟ್ಟಿ ನಿಲ್ಲುತ್ತಾರೆ, ಹೆಂಗಸರಿಗೆ ಶನಿವಾರ ಭಾನುವಾರ ಎರಡೂ ದಿನ ಮನೆಯಿಂದ ಬಿಡುವು ಸಿಗುವುದು ಕಷ್ಟ. ನಲವತ್ತು ದಾಟಿದ ನನಗೆ ಸಿಕ್ಕಿತು. ಅದೇ ನನ್ನ ಅರ್ಹತೆ.

ಈ ಪ್ರಶ್ನೆಯನ್ನು ನಮ್ಮ ಕಾಕಾ ಕೇಳಿದಷ್ಟು ಚೆನ್ನಾಗಿ ಯಾರೂ ಕೇಳಿಲ್ಲ. ವಿಜಯಪುರದಲ್ಲಿ ತಂಗಿಯ ಮದುವೆ. ಊಟ ಆಗಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ನನ್ನ ಮಗ ಸುಮ್ಮನಿರದೆ ಮೊಬೈಲಿನಲ್ಲಿ ನನ್ನ ಸ್ಪರ್ಧೆಯ ವಿಡಿಯೋ ಹಚ್ಚಿ ಎಲ್ಲರಿಗೂ ತೋರಿಸಿದ. ಕಾಕಾ ಕನ್ನಡಕ ಏರಿಸಿಕೊಂಡು ನೋಡಿದರು. ಅವರದು ಎಪಿಎಂಸಿಯಲ್ಲಿ ಅಡತಿ ಅಂಗಡಿ. ದಿನಾ ಕಾಣುವುದೇ ಚೀಲ, ತೂಕ, ಲಾರಿ.

‘ಗೆದ್ರ ಏನ್ ಕೊಡ್ತಾರವಾ?’

ಹೇಳಿದೆ. ಪದಕ, ಡಬ್ಬಿ, ಕೂಪನ್ನು.

‘ನೀ ಎಷ್ಟ್ ಕಟ್ಟೀದಿ?’

ಅದನ್ನೂ ಹೇಳಿದೆ. ಹೇಳಬಾರದಿತ್ತು.

‘ನಮ್ಮ ಹಮಾಲರಿಗೆ ಚೀಲಕ್ಕ ಇಷ್ಟ್ ಅಂತ ನಾ ರೊಕ್ಕ ಕೊಡ್ತೀನಿ. ನೀ ಚೀಲ ಎತ್ತಾಕ ನೀನ ರೊಕ್ಕ ಕೊಡ್ತೀ?’

ಪಡಸಾಲೆಯಲ್ಲಿ ನಗು ನಿಲ್ಲಲು ಬಹಳ ಹೊತ್ತಾಯಿತು. ನನ್ನ ಅವ್ವ ಎಲ್ಲರಿಗಿಂತ ಜಾಸ್ತಿ ನಕ್ಕಳು.

ಕಾಕಾನ ಕಡೆಯಿಂದ ನೋಡಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅವರ ಊರಿನಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದೆ, ಅದರಲ್ಲಿ ಭಾರ ಎತ್ತುವ ಸ್ಪರ್ಧೆ ಇರುತ್ತದೆ. ಆ ಸೀಮೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಾರೆ, ಗುಂಡು ಎತ್ತುತ್ತಾರೆ, ಉಸುಕಿನ ಚೀಲ ಎತ್ತುತ್ತಾರೆ. ಗೆದ್ದವರ ಕೈಗೆ ಬೆಳ್ಳಿ ಕಡಗ ಹಾಕುವುದೂ ಉಂಟು. ಊರ ಮುಂದೆ ಎತ್ತಿದ್ದಾರೆ, ಊರು ನೋಡಿದೆ, ಬೆಳ್ಳಿ ಸಿಕ್ಕಿದೆ. ಅದರ ಮುಂದೆ ನನ್ನ ಚಾಕಲೇಟ್ ರುಚಿಯ ಪುಡಿ ಡಬ್ಬಿ ಏನು? ಆ ಡಬ್ಬಿಯೂ ನನಗೆ ಸಿಕ್ಕಿಲ್ಲ.

ಆದರೆ ಜಾತ್ರೆಯಲ್ಲಿ ಸೋತವರನ್ನು ಕಾಕಾ ಯಾವತ್ತೂ ಹೀಗೆ ಕೇಳಿಲ್ಲ. ಕಲ್ಲು ಮೊಣಕಾಲಿನವರೆಗೆ ಬಂದು ಬಿದ್ದುಹೋದರೂ ‘ಭಾಳ ಛಲೋ ಎತ್ತಿದ’ ಅಂತ ಬೆನ್ನು ತಟ್ಟಿ, ಮನೆಗೆ ಕರೆದು ಚಹಾ ಕುಡಿಸಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಗಂಡಸು ಕಲ್ಲು ಎತ್ತಿದರೆ ಅದು ಗತ್ತು. ಮನೆಯ ಹೆಣ್ಣುಮಗಳು ಎತ್ತಿದರೆ ರಸೀದಿ ಕೇಳುತ್ತಾರೆ.

ಹಮಾಲರ ಮಾತು ಮಾತ್ರ ಬೇರೆ. ಅದಕ್ಕೆ ನನ್ನ ಹತ್ತಿರ ಜಾಣ ಉತ್ತರ ಇಲ್ಲ, ಹುಡುಕಲೂ ಹೋಗುವುದಿಲ್ಲ. ನಾನು ಎತ್ತುವ ಚೀಲವನ್ನು ಸಾಕೆನಿಸಿದಾಗ ಕೆಳಗೆ ಬಿಡುತ್ತೇನೆ. ಅವರು ಲಾರಿ ತುಂಬುವವರೆಗೆ ಬಿಡುವಂತಿಲ್ಲ. ಈಗ 50 ಕಿಲೋ ಚೀಲ ಬಂದಿದೆ, ನಾನು ಸಣ್ಣವಳಿದ್ದಾಗ ಕ್ವಿಂಟಾಲ್ ಚೀಲವನ್ನೇ ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು. ನನ್ನ ಮಂಡಿ ನೋವು ಬಂದರೆ ಫಿಸಿಯೋ ಹತ್ತಿರ ಹೋಗುತ್ತೇನೆ, ಅವರ ಮಂಡಿ ನೋವು ಬಂದರೆ ಅವತ್ತಿನ ಕೂಲಿ ಹೋಗುತ್ತದೆ. ಕಾಕಾ ಆಡಿದ್ದು ತಮಾಷೆಗೆ, ಆದರೆ ಸುಳ್ಳಲ್ಲ. ನಾನು ತಿರುಗಿ, ‘ಚೀಲಕ್ಕ ಎಷ್ಟ್ ಕೊಡ್ತೀ ಕಾಕಾ?’ ಅಂತ ಕೇಳಿದೆ. ಕಾಕಾ ಎಲೆ ಅಡಿಕೆ ತಟ್ಟೆ ಎಲ್ಲಿ ಅಂತ ಹುಡುಕಿದರು.

ಆಮೇಲೆ ವಿಡಿಯೋ ಮತ್ತೊಮ್ಮೆ ನೋಡಿ ಇನ್ನೊಂದು ಮಾತು ಅಂದರು.

‘ಆ ಹುಡುಗಿ ಚೆಂಡ ಒಗ್ಯಾಕತ್ತಾಳ. ನೀ ಸುಮ್ನ ನಿಂತೀಯಲ್ಲ?’

ಎಲ್ಲರೂ ಮತ್ತೆ ನಕ್ಕರು. ನನಗೆ ಮಾತ್ರ, ಅಬ್ಬಾ, ಯಾರೋ ಒಬ್ಬರು ಕೊನೆಗೂ ಸರಿಯಾದ ಜಾಗದಲ್ಲಿ ಕೈ ಇಟ್ಟರು ಅನ್ನಿಸಿತು. ನನ್ನನ್ನು ಕೇಳಬೇಕಾದದ್ದು ಇದನ್ನೇ. ನಿನ್ನ ಸರದಿ ಇಲ್ಲದಾಗ ನೀನೇನು ಮಾಡ್ತಿರ್ತೀಯಾ? ಮದುವೆ ಮನೆಯಲ್ಲಿ ಇದನ್ನೆಲ್ಲಾ ಹೇಳಲು ಆಗಲಿಲ್ಲ, ಅಷ್ಟರಲ್ಲಿ ಫೋಟೋಕ್ಕೆ ಕರೆದರು. ಇಲ್ಲಿ ಹೇಳುತ್ತೇನೆ.

ಆ ಸುತ್ತಿನಲ್ಲಿ ಹೆಂಗಸರಿಬ್ಬರೂ ಸೇರಿ ನೂರು ವಾಲ್ ಬಾಲ್ ಮಾಡಬೇಕಿತ್ತು. ಆರು ಕಿಲೋ ಚೆಂಡು ಹಿಡಿದು ಪೂರ್ತಿ ಕೂತು, ಎದ್ದು, ಒಂಬತ್ತು ಅಡಿ ಎತ್ತರದ ಗೆರೆಗೆ ಎಸೆಯುವುದು. ಬಿದ್ದ ಚೆಂಡು ಹಿಡಿದು ಮತ್ತೆ ಕೂರುವುದು. ಒಬ್ಬರು ಎಸೆಯುವಾಗ ಇನ್ನೊಬ್ಬರು ಹಿಡಿಕೆ ಇರುವ ಕಬ್ಬಿಣದ ಗುಂಡು, ಅಂದರೆ 16 ಕಿಲೋದ ಎರಡು ಕೆಟಲ್‌ಬೆಲ್ ಎರಡು ಕೈಯಲ್ಲಿ ಹಿಡಿದು ನಿಂತಿರಬೇಕು. ಅದು ನೆಲಕ್ಕೆ ತಾಗಿದ ಕ್ಷಣ ಎಸೆಯುವುದು ನಿಲ್ಲಬೇಕು. ಮತ್ತೆ ಎತ್ತಿದ ಮೇಲೆಯೇ ಎಸೆತ ಲೆಕ್ಕಕ್ಕೆ. ಅಂದರೆ ಚೆಂಡು ಎಸೆಯುವವಳ ಕೀಲಿ ನಿಂತಿರುವವಳ ಕೈಯಲ್ಲಿ.

ಮೊದಲ ಇಪ್ಪತ್ತು ಸೆಕೆಂಡು ಏನೂ ಅನ್ನಿಸುವುದಿಲ್ಲ. ಬಜಾರದಿಂದ ತರಕಾರಿ ತರುವಷ್ಟೇ ಸಲೀಸು. ಆಮೇಲೆ ಮುಂಗೈ ಉಬ್ಬಲು ಶುರು. ಬಿಗಿಯಾಗಿ ಹಿಡಿದೇ ಇದ್ದರೆ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮುತ್ತದೆ, ರಕ್ತ ಸರಿಯಾಗಿ ಹರಿಯುವುದಿಲ್ಲ. ಉರಿ ಏರುತ್ತದೆ, ಬೆರಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಸ್ವಲ್ಪ ಮೊದಲೇ ಕೆಳಗಿಟ್ಟರೆ ರಕ್ತ ಬೇಗ ಮರಳುತ್ತದೆ, ಕೈ ಮತ್ತೆ ಕೆಲಸಕ್ಕೆ ಬರುತ್ತದೆ. ಪೂರ್ತಿ ಸೋಲುವವರೆಗೆ ಹಿಡಿದರೆ ಮುಂದಿನ ಸರದಿಗೆ ಕೈಯೇ ಇರುವುದಿಲ್ಲ. ಹಾಗಂತ ಪದೇ ಪದೇ ಬದಲಾಯಿಸಿದರೆ ಪ್ರತಿ ಬದಲಾವಣೆಗೆ ಮೂರು ನಾಲ್ಕು ಸೆಕೆಂಡು ದಂಡ. ನಡುವೆ ಎಲ್ಲೋ ಒಂದು ಸಂಖ್ಯೆ ಇದೆ. ಅದನ್ನು ಹುಡುಕುವುದಕ್ಕೇ ತಿಂಗಳುಗಟ್ಟಲೆ ಅಭ್ಯಾಸ.

ನಮ್ಮ ಜೋಡಿಗೆ ಹದಿನೈದು ಬಂತು. ಹದಿನೈದು ಎಸೆತಕ್ಕೆ ಅವಳ ಉಸಿರು ಹೋಗಿರುತ್ತದೆ, ಕೈ ಚೆನ್ನಾಗಿರುತ್ತದೆ. ನನ್ನ ಕೈ ಹೋಗಿರುತ್ತದೆ, ಉಸಿರು ಚೆನ್ನಾಗಿರುತ್ತದೆ. ಅದಲು ಬದಲು ಮಾಡಿಕೊಂಡರೆ ಅವಳು ನಿಂತು ಉಸಿರು ತಗೋತಾಳೆ, ನಾನು ಚೆಂಡು ಹಿಡಿದು ಕೈಗೆ ವಿಶ್ರಾಂತಿ ಕೊಡುತ್ತೇನೆ. ಇದನ್ನು ಯಾರು ಯೋಚಿಸಿದರೋ ಗೊತ್ತಿಲ್ಲ, ಪುಣ್ಯಾತ್ಮರು. ನಾನು ತಂಡದಲ್ಲೇ ಇರುತ್ತೇನೆ, ಒಬ್ಬಳೇ ಸ್ಪರ್ಧಿಸಲ್ಲ ಅನ್ನುವುದಕ್ಕೆ ಬೇರೆ ಕಾರಣ ಬೇಡ. ಒಬ್ಬಳೇ ಇದ್ದರೆ ಎರಡೂ ಸುಸ್ತು ನನ್ನದೇ.

ಇನ್ನು ಆ ‘ಸುಮ್ನೆ ನಿಂತ’ ಮುಖದ ವಿಚಾರ. ನನ್ನ ಜೊತೆಗಾತಿ ನನಗಿಂತ ಬಹಳ ಚಿಕ್ಕವಳು. ನನ್ನನ್ನು ಅಕ್ಕಾ ಅನ್ನುತ್ತಾಳೆ, ಬೈಯುವಾಗಲೂ ಅಕ್ಕಾ ಅಂತಲೇ ಬೈಯುತ್ತಾಳೆ. ಅಭ್ಯಾಸದಲ್ಲಿ ನಾನು ಹಲ್ಲು ಕಚ್ಚಿ ಮುಖ ಕಿವುಚಿದರೆ ಅವಳ ಕಣ್ಣು ನನ್ನ ಮೇಲೆ ಬೀಳುತ್ತಿತ್ತು. ಪಾಪ ಅಕ್ಕ ಬಿಟ್ಟುಬಿಡ್ತಾಳೆ ಅಂತ ಅವಸರ ಮಾಡುತ್ತಿದ್ದಳು. ಅವಸರಕ್ಕೆ ಪೂರ್ತಿ ಕೂರುವುದಿಲ್ಲ, ಚೆಂಡು ಗೆರೆಯ ಕೆಳಗೆ ಬಡಿಯುತ್ತದೆ. ಸ್ಪರ್ಧೆಯಲ್ಲಿ ಅಂಥದಕ್ಕೆ ಜಡ್ಜ್ ‘ನೋ ರೆಪ್’ ಅನ್ನುತ್ತಾನೆ, ಅಂದರೆ ಆ ಎಸೆತ ಲೆಕ್ಕಕ್ಕಿಲ್ಲ. ಜಡ್ಜ್ ಅಂದರೆ ಬೇರೆ ಜಿಮ್ಮಿನ ಹುಡುಗನೊಬ್ಬ, ದಿನವಿಡೀ ಒಂದು ಟೀ ಶರ್ಟಿಗೆ ನಿಂತಿರುತ್ತಾನೆ, ದಯೆ ದಾಕ್ಷಿಣ್ಯ ಇಲ್ಲ. ಕೂತಿದ್ದೂ ವ್ಯರ್ಥ, ಎಸೆದದ್ದೂ ವ್ಯರ್ಥ, ನಾನು ಹಿಡಿದು ನಿಂತದ್ದೂ ವ್ಯರ್ಥ. ಆಮೇಲೆ ನಾನು ಮುಖ ಸಪ್ಪಗೆ ಇಟ್ಟುಕೊಳ್ಳುವುದನ್ನು ಕಲಿತೆ. ಬಸ್ಸಿಗೆ ಕಾಯುತ್ತಿರುವವಳ ಮುಖ. ಅವಳಿಗೆ ಕೇಳುವಂತೆ ಎಣಿಸುತ್ತೇನೆ, ಹನ್ನೆರಡು, ಹದಿಮೂರು. ಚೆಂಡು ತಗ್ಗಿದರೆ ‘ಮೇಲೆ’ ಅನ್ನುತ್ತೇನೆ. ಗಡಿಯಾರ ನೋಡುವುದಿಲ್ಲ. ಬೆರಳಲ್ಲಿ ಏನಾಗುತ್ತಿದೆ ಅನ್ನುವುದು ಮುಖಕ್ಕೆ ಬರುವಂತಿಲ್ಲ. ವಿಡಿಯೋದಲ್ಲಿ ನಾನು ಸುಮ್ಮನೆ ನಿಂತಂತೆ ಕಂಡಿದ್ದರೆ ಕೆಲಸ ಸರಿಯಾಗಿ ಆಗಿದೆ ಅಂತಲೇ ಅರ್ಥ.

ಫೋಟೋ ತೆಗೆಯುವವರಿಗೂ ಇದು ಗೊತ್ತಿಲ್ಲ. ಎಲ್ಲಾ ಫೋಟೋದಲ್ಲೂ ಚೆಂಡು ಗಾಳಿಯಲ್ಲಿ, ಅವಳ ಕೂದಲು ಗಾಳಿಯಲ್ಲಿ, ಹಿಂದೆ ಮಬ್ಬು ಮಬ್ಬಾಗಿ ನಾನು.

ಆ ಸುತ್ತಿನಲ್ಲಿ ನಾವು ನೂರು ಮುಗಿಸಿದೆವು, ಒಮ್ಮೆಯೂ ಕೆಟಲ್‌ಬೆಲ್ ತಪ್ಪಿ ಬೀಳಲಿಲ್ಲ. ಆಮೇಲೆ ಗಂಡಸರ ಸರದಿ. ಅವರಿಗೆ 24 ಕಿಲೋದ ಎರಡು, ಚೆಂಡು ಒಂಬತ್ತು ಕಿಲೋ, ಗೆರೆ ಹತ್ತು ಅಡಿ. ನಮ್ಮ ಹುಡುಗರಲ್ಲಿ ಒಬ್ಬನಿಗೆ ಬಿಡು ಅಂದರೆ ಬಿಡಲು ಬರುವುದಿಲ್ಲ. ಹದಿನೈದು ಅಂತ ಮಾತಾಗಿದ್ದರೂ ಜನ ಚಪ್ಪಾಳೆ ಹೊಡೆದರು ಅಂತ ಇಪ್ಪತ್ತಾರರವರೆಗೆ ಎಸೆದ. ಹಿಡಿದು ನಿಂತಿದ್ದವನ ಕೈ ಅಲ್ಲಿಗೇ ಮುಗಿಯಿತು. ಉಳಿದದ್ದನ್ನು ಐದೈದರಂತೆ ಒದ್ದಾಡಿ ಮುಗಿಸುವಷ್ಟರಲ್ಲಿ ಸಮಯ ಹೋಯಿತು. ಎಷ್ಟನೇ ಸ್ಥಾನ ಅಂತ ಹೇಳುವುದಿಲ್ಲ. ಕೇಳಿದರೂ ಹೇಳುವುದಿಲ್ಲ.

ಈಗ ನನ್ನ ಜೊತೆಗಾತಿಗೆ ಹೊಸ ಹುಚ್ಚು ಹಿಡಿದಿದೆ. ಇಪ್ಪತ್ತಿಪ್ಪತ್ತು ಮಾಡೋಣ ಅಕ್ಕಾ, ಬದಲಾಯಿಸುವುದು ಕಡಿಮೆಯಾಗುತ್ತೆ, ಸೆಕೆಂಡು ಉಳಿಯುತ್ತೆ ಅನ್ನುತ್ತಾಳೆ. ಅವಳ ಲೆಕ್ಕ ಕಾಗದದ ಮೇಲೆ ಸರಿ. ನನ್ನ ಬೆರಳು ಒಪ್ಪುತ್ತಿಲ್ಲ. ಬುಧವಾರ ಸಂಜೆ ಜಿಮ್ಮಿನಲ್ಲಿ ಎರಡನ್ನೂ ಮಾಡಿ ಗಡಿಯಾರ ನೋಡುವುದು ಅಂತ ಆಗಿದೆ. ಹದಿನೈದೇ ಗೆಲ್ಲುತ್ತದೆ.