ಒಂದೇ ಪುಟ ತೆರೆದು ನೋಡಿದೆ

ಫ್ರೆಂಚ್ ಪಾಠ ‘ನನ್ನ ಹೆಸರು ಇಂಥದ್ದು’ ಹಂತ ದಾಟಿ ಭೂತಕಾಲಕ್ಕೆ ಬಂದಾಗ ಬರೀ ಪಠ್ಯಪುಸ್ತಕ ಸಾಲದಾಯಿತು. ಗ್ರಂಥಾಲಯದಲ್ಲಿ ಸಿಕ್ಕ ವ್ಯಾಕರಣ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ರಾಶಿ ಹಾಕಿಕೊಂಡು ಕೂತೆ. ಮುನ್ನುಡಿ ನೋಡಿದರೆ ಎಲ್ಲವೂ ಒಳ್ಳೆಯವೇ! ಹಾಗಾಗಿ ಪ್ರತಿಯೊಂದರಲ್ಲೂ ನನಗೆ ತಲೆನೋವಾಗಿದ್ದ ಒಂದೇ ವಿಷಯದ ಪುಟ ಹುಡುಕಿದೆ.

ತಲೆನೋವು ಇಷ್ಟು. ‘ನಾನು ಒಂದು ಪತ್ರ ಬರೆದೆ’ ಅನ್ನಲು ‘ಜೆ ಎಕ್ರಿ ಯೂನ್ ಲೆತ್ರ್’ ಸಾಕು. ‘ನಾನು ಬರೆದ ಪತ್ರ’ ಅನ್ನುವಾಗ ‘ಲಾ ಲೆತ್ರ್ ಕ ಜೆ ಎಕ್ರಿತ್’ ಆಗುತ್ತದೆ. ಅವ್ವಾರ್ ಸಹಾಯಕ ಕ್ರಿಯಾಪದ (ಇಲ್ಲಿ ‘ಜೆ’ಯೊಳಗೆ ಅಡಗಿರುವುದು) ಇದ್ದಾಗ, ಕರ್ಮಪದ ಅದಕ್ಕಿಂತ ಮೊದಲೇ ಬಂದರೆ ಕೃದಂತವು, ಅಂದರೆ ‘ಎಕ್ರಿ’ಯಂಥ ರೂಪವು, ಕರ್ಮದ ಲಿಂಗ, ವಚನಗಳನ್ನು ಹಿಡಿಯಬೇಕು. ಪತ್ರ ಅವರಲ್ಲಿ ಸ್ತ್ರೀಲಿಂಗ, ಅದಕ್ಕೇ ಆ ‘ತ್’.

ಇಂಗ್ಲಿಷಿನಲ್ಲಿ ವಿವರಿಸುವ ಒಂದು ದಪ್ಪ ಪುಸ್ತಕ ಇದನ್ನು ಅಡಿಟಿಪ್ಪಣಿಗೆ ತಳ್ಳಿತ್ತು. ಇನ್ನೊಂದು ಪುಸ್ತಕ ನಿಯಮವನ್ನು ಸರಿಯಾಗಿ ಹೇಳಿ, ಉದಾಹರಣೆಗೆ ಮಾತ್ರ ಕಿವಿಗೆ ವ್ಯತ್ಯಾಸವೇ ತಿಳಿಯದ ಕ್ರಿಯಾಪದಗಳನ್ನು ಆರಿಸಿತ್ತು. ಎರಡನ್ನೂ ಬದಿಗಿಟ್ಟೆ. ಬೆಲ್ಜಿಯಂನ ಮೋರೀಸ್ ಗ್ರೆವಿಸ್ 1936ರಲ್ಲಿ ಹೊರತಂದ ‘ಲ ಬೊನ್ ಯೂಸಾಜ್’ ಇದೇ ವಿಷಯಕ್ಕೆ ಪುಟಗಟ್ಟಲೆ ಕೊಟ್ಟು, ಸಾಹಿತಿಗಳ ವಾಕ್ಯಗಳನ್ನು ಸಾಲುಸಾಲಾಗಿ ಸಾಕ್ಷಿಗೆ ಕರೆಯುತ್ತದೆ. ವಿದ್ವಾಂಸರ ಸೊತ್ತು ಅದು. ಕಲಿಯುವವರು ದೂರದಿಂದ ಕೈಮುಗಿದರೆ ಸಾಕು. ಕ್ರಿಯಾಪದ ರೂಪಗಳ ಕೈಪಿಡಿ ‘ಬೆಶೆರೆಲ್’ ರೈಲ್ವೆ ವೇಳಾಪಟ್ಟಿಯಂತೆ. ಯಾರೂ ಕೂತು ಓದುವುದಿಲ್ಲ, ಆದರೆ ಇಲ್ಲದೆ ನಡೆಯುವುದಿಲ್ಲ. ಕೊನೆಯ ಪಟ್ಟಿಯಲ್ಲಿ ಕ್ರಿಯಾಪದ ಹುಡುಕಿ, ಅದರ ಮುಂದಿನ ಸಂಖ್ಯೆಯ ಕೋಷ್ಟಕಕ್ಕೆ ಹೋದರೆ ಎಲ್ಲ ಕಾಲಗಳ ರೂಪಗಳೂ ಸಿಗುತ್ತವೆ.

ಮನಸ್ಸು ನಿಂತದ್ದು ‘ಗ್ರಾಮೇರ್ ಪ್ರೊಗ್ರೆಸಿವ್ ದ್ಯು ಫ್ರಾಂಸೆ’ ಮೇಲೆ. ಎಡ ಪುಟದಲ್ಲಿ ನಿಯಮ, ಬಲ ಪುಟದಲ್ಲಿ ಅಭ್ಯಾಸ, ಎಲ್ಲವೂ ಫ್ರೆಂಚಿನಲ್ಲೇ. ಮೊದಮೊದಲು ಗಾಬರಿಯಾಗುತ್ತದೆ ನಿಜ, ಆದರೆ ವಾಕ್ಯಗಳು ಚಿಕ್ಕವು, ಉದಾಹರಣೆ ನೋಡಿದರೆ ಅರ್ಥ ತಾನಾಗಿ ಹೊಳೆಯುತ್ತದೆ. ಹಂತಕ್ಕೊಂದು ಸಂಪುಟ ಇರುವುದರಿಂದ ಮುಖಪುಟದ ಮೇಲಿನ ಮಟ್ಟ ನೋಡಿಯೇ ಕೊಳ್ಳಬೇಕು. ಗ್ರಂಥಾಲಯದ ಪ್ರತಿಯಲ್ಲಿ ಹಿಂದಿನ ಪುಣ್ಯಾತ್ಮರು ಯಾರೋ ಬಿಟ್ಟ ಸ್ಥಳಗಳನ್ನೆಲ್ಲ ಪೆನ್ಸಿಲಿನಲ್ಲಿ ತುಂಬಿಟ್ಟಿದ್ದರು, ಅದೂ ಎಷ್ಟೋ ಕಡೆ ತಪ್ಪಾಗಿ. ನನ್ನದೇ ಪ್ರತಿ ತರಿಸಿಕೊಂಡೆ. ಉತ್ತರಗಳ ಪುಸ್ತಿಕೆ ಬೇರೆಯಾಗಿ ಬರುತ್ತದೆ; ಒಬ್ಬರೇ ಕಲಿಯುವವರು ಅದನ್ನೂ ಜೊತೆಗೇ ತರಿಸಿಕೊಳ್ಳುವುದು ಒಳ್ಳೆಯದು.