ಜೇನ್ ಫೋಂಡಾ ಮನೆಯೊಳಗೆ ತಂದ ವ್ಯಾಯಾಮ

21 ಡಿಸೆಂಬರ್ 2024, ಶನಿವಾರ

ಇಂದು ಜೇನ್ ಫೋಂಡಾ ಅವರಿಗೆ 87 ತುಂಬಿತು. ಹಾಲಿವುಡ್ ನಟಿಯೆಂದು, ಹೋರಾಟಗಾರ್ತಿಯೆಂದು ಅವರನ್ನು ಮೆಚ್ಚುವವರು ಬಹಳ. ಹೆಂಗಸರ ವ್ಯಾಯಾಮವನ್ನು ಪುಸ್ತಕಕ್ಕೂ ಕ್ಯಾಸೆಟ್ಟಿಗೂ ಇಳಿಸಿದ ಫೋಂಡಾ ನನಗೆ ಹೆಚ್ಚು ಹತ್ತಿರ.

ಎಳೆಯ ವಯಸ್ಸಿನಲ್ಲಿ ಅವರು ರೂಪದರ್ಶಿ. ಫ್ಯಾಷನ್ ಪತ್ರಿಕೆ 'ವೋಗ್'ನ ಮುಖಪುಟದಲ್ಲೂ ಕಾಣಿಸಿಕೊಂಡವರು. ಮೈಕಟ್ಟಿಗೆಂದು ಬ್ಯಾಲೆ ಅಭ್ಯಾಸ ಮಾಡುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಚಿತ್ರೀಕರಣವೊಂದರಲ್ಲಿ ಪಾದದ ಮೂಳೆ ಮುರಿದು ಬ್ಯಾಲೆ ನಿಂತುಹೋಯಿತು. ಆಗ ಸೇರಿದ್ದು ಲೆನಿ ಕ್ಯಾಜ್ಡನ್ ಅವರ ವ್ಯಾಯಾಮದ ತರಗತಿಗೆ. ಮುಂದೆ ಫೋಂಡಾ ಹೆಸರಿನಲ್ಲಿ ಜಗತ್ತು ಸುತ್ತಿದ ವ್ಯಾಯಾಮಗಳಿಗೆ ಬುನಾದಿ ಹಾಕಿದವರು ಈ ಲೆನಿ. ಅವರನ್ನು ಬಲ್ಲವರು ಕಡಿಮೆ. ಅದಕ್ಕೇ ಅವರ ಹೆಸರನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1979ರಲ್ಲಿ ಫೋಂಡಾ ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನಲ್ಲಿ ವ್ಯಾಯಾಮದ ಸ್ಟುಡಿಯೊ ತೆರೆದರು. ಆಗಿನ ಪತಿ ಟಾಮ್ ಹೇಡನ್ ಜೊತೆ ಕಟ್ಟಿದ್ದ ರಾಜಕೀಯ ಸಂಘಟನೆಗೆ ಹಣ ಒದಗಿಸುವುದು ಉದ್ದೇಶ. 1981ರಲ್ಲಿ 'ಜೇನ್ ಫೋಂಡಾಸ್ ವರ್ಕೌಟ್ ಬುಕ್' ಬಂದು ಮಾರಾಟದ ಪಟ್ಟಿಯ ತುದಿಗೇರಿತು. ಮರುವರ್ಷ ವಿಡಿಯೊ. ಒಂದು ಕ್ಯಾಸೆಟ್ಟಿಗೆ ಸುಮಾರು 60 ಡಾಲರ್! ಸಿನಿಮಾವನ್ನಾದರೆ ಬಾಡಿಗೆಗೆ ತಂದು ನೋಡಿ ಹಿಂದಿರುಗಿಸಬಹುದು; ದಿನವೂ ಬೇಕಾಗುವ ವ್ಯಾಯಾಮವನ್ನು ಕೊಂಡೇ ಇಟ್ಟುಕೊಳ್ಳಬೇಕು. ಜನ ಕೊಂಡರು. ಎಷ್ಟೋ ಮನೆಗಳಿಗೆ ಕ್ಯಾಸೆಟ್ ಹಾಕಿ ನೋಡುವ ಯಂತ್ರ ವಿಸಿಆರ್ ಬಂದದ್ದೇ ಇದಕ್ಕಾಗಿ.

ಆಗಿನ ಅಮೆರಿಕದ ಜಿಮ್‌ಗಳು ಬಹುಪಾಲು ಗಂಡಸರವು. ನೋಡುವವರ ಅಂಜಿಕೆಯಿಲ್ಲದೆ ಬೆವರು ಹರಿಸಲು ಹೆಂಗಸರಿಗೆ ಕೋಣೆಯ ಬಾಗಿಲು ಮುಚ್ಚಿದರೆ ಸಾಕಾಯಿತು. ಎಲ್ಲರೂ ನೋಡಲೆಂದು ಕ್ಯಾಮೆರಾ ಮುಂದೆ ನಿಂತಿದ್ದ ಹೆಣ್ಣೇ ಇದನ್ನು ಸಾಧ್ಯವಾಗಿಸಿದ್ದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ನಾನೂ ಹಜಾರದಲ್ಲಿ ಚಾಪೆ ಹಾಸಿ ಪಕ್ಕಕ್ಕೆ ಮಲಗಿ, ಮೊಣಕೈ ಊರಿ, ಮೇಲಿನ ಕಾಲನ್ನು ಎತ್ತಿ ಇಳಿಸುತ್ತೇನೆ. ಸೊಂಟ ಹಿಂದಕ್ಕೆ ವಾಲದಂತೆ ಹಿಡಿದರೆ ತೊಡೆಯ ಹೊರಬದಿ ಉರಿಯತೊಡಗುತ್ತದೆ. ಸೊಂಟ ವಾಲಿತೋ, ಎಷ್ಟು ಎತ್ತಿದರೂ ವ್ಯರ್ಥ.

ಆದರೆ ತೆಳ್ಳಗಿರಲೇಬೇಕೆಂಬ ಹಟ ಫೋಂಡಾ ಅವರನ್ನೇ ಸುಟ್ಟಿತ್ತು. ವಿಪರೀತ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾದಿಂದ ವರ್ಷಗಟ್ಟಲೆ ನರಳಿದ್ದನ್ನು 2005ರ ಆತ್ಮಕಥೆಯಲ್ಲಿ ಬಿಚ್ಚಿಟ್ಟಿದ್ದಾರೆ. ವ್ಯಾಯಾಮದ ಅಂಕಣ ಬರೆಯುವವರೆಲ್ಲ ಆ ಪುಟಗಳನ್ನು ಓದಬೇಕು. ತೂಕ ಇಳಿಸುವ ಮುಂಚಿನ, ಆಮೇಲಿನ ಚಿತ್ರಗಳನ್ನು ಅಕ್ಕಪಕ್ಕ ಅಚ್ಚುಹಾಕುವ ಚಾಳಿ ನಿಲ್ಲಬೇಕು.

ಎಪ್ಪತ್ತು ದಾಟಿದ ಮೇಲೆ, 2010ರಲ್ಲಿ, ಹಿರಿಯರಿಗೆಂದೇ ಅವರು ಡಿವಿಡಿಗಳನ್ನು ಹೊರತಂದರು. ಅವನ್ನು ಅಮ್ಮನಿಗೆ ಹಾಕಿ ತೋರಿಸಬೇಕೆಂದಿದ್ದೇನೆ. ಮಂಡಿನೋವೆಂದು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾರೆ. ಮೊದಲು ವೈದ್ಯರನ್ನು ಕೇಳಿ, ನಾಡಿದ್ದಿನಿಂದ ಇಬ್ಬರೂ ಶುರುಮಾಡುತ್ತೇವೆ.