ಫಿಲ್ಟರ್ ಮೇಲಿನ ಅಳತೆ ಗ್ಲಾಸು

ಆಗಸ್ಟ್ 3, 2025, ಭಾನುವಾರ
ನಾಪೋಕ್ಲು ಹತ್ತಿರ, ತೋಟದ ಮನೆ

ಬೆಳಿಗ್ಗೆ ಎಂಟೂವರೆಗೆ ಅಳೆದ ಮಳೆ 40 ಸೆಂಟ್; ನೂರು ಸೆಂಟ್ ಸೇರಿದರೆ ಒಂದು ಇಂಚು. ಜೋರು ಮಳೆಯ ಕೊಡವ ತಿಂಗಳಾದ ಕಕ್ಕಡದ ಮಳೆ ಎನ್ನಲು ನಾಚಿಕೆಯಾಗುವಷ್ಟು.

ಜೂನ್ 1ರಿಂದ ಮಳೆ ಬರೆಯುತ್ತಿದ್ದೇನೆ, ಇವತ್ತಿಗೆ 64 ದಿನ. ಅಪ್ಪ ಮೂವತ್ತು ವರ್ಷ ಬರೆದವರು, ಹಾಗಾಗಿ ಅವರೆದುರು ಈ ಲೆಕ್ಕ ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಅವರ ಕಣ್ಣು ಮಂಜಾದ ಮೇಲೆ ಪುಸ್ತಕ ನನ್ನ ಪಾಲಿಗೆ ಬಂತು. ಹಿಂದಿನ ಎರಡು ವರ್ಷದ ಪುಟ ತೆಗೆದರೆ ಮಾರ್ಚ್ ಇದೆ, ಜುಲೈ ಇಲ್ಲ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬಂದಾಗ ಎಲ್ಲರಿಗೂ ಹುರುಪು. ಇಂಚು ಮುಟ್ಟಿತೋ ಇಲ್ಲವೋ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ಪಕ್ಕದ ತೋಟದವರೂ ಫೋನ್ ಮಾಡುತ್ತಾರೆ. ಜುಲೈಯಲ್ಲಿ ಎಷ್ಟಾಯಿತು ಎಂದು ಕೇಳುವವರೂ ಇಲ್ಲ, ಕೊಡೆ ಹಿಡಿದು ಅಂಗಳಕ್ಕಿಳಿಯುವ ಮನಸ್ಸೂ ಇಲ್ಲ.

ಮೊಬೈಲಿನಲ್ಲಿ ಅಲಾರಂ ಇಟ್ಟು ನೋಡಿದೆ. ಮಳೆಗಾಲದಲ್ಲಿ ಇಲ್ಲಿ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಮೊಬೈಲಿನ ಚಾರ್ಜು. ಜೋರು ಮಳೆ ಸುರಿದ ದಿನವೇ ನೆನಪಿಸಬೇಕಾದವನು ಮಲಗಿರುತ್ತಿದ್ದ. ಅವನು ಎದ್ದಿದ್ದ ದಿನ ನಾನೇ ಬಾಯಿ ಮುಚ್ಚಿಸುತ್ತಿದ್ದೆ.

ಉಪಾಯ ಅವ್ವನದು. ಮಳೆನೀರು ಅಳೆಯುವ ಗ್ಲಾಸನ್ನು ಕಾಫಿ ಫಿಲ್ಟರಿನ ಮೇಲೆ ಬೋರಲು ಹಾಕಿಟ್ಟರು. ಅದನ್ನು ಎತ್ತದೆ ಡಿಕಾಕ್ಷನ್ ಸಿಗುವುದಿಲ್ಲ. ಎತ್ತಿದ ಮೇಲೆ ಕೈಯಲ್ಲೇ ಇದೆಯಲ್ಲ, ಅಂಗಳದಲ್ಲಿ ಮಳೆನೀರು ಹಿಡಿಯುವ ರೈನ್ ಗೇಜ್‌ವರೆಗೆ ಹನ್ನೆರಡು ಹೆಜ್ಜೆ. ಹವಾಮಾನ ಇಲಾಖೆಯ ಮಳೆದಿನವೂ ಎಂಟೂವರೆಯಿಂದ ಎಂಟೂವರೆಗೆ, ನನ್ನ ಎರಡನೇ ಕಾಫಿಯೂ ಎಂಟೂವರೆಗೆ!

ಬರೆಯುವುದು ಒಂದೇ ಅಂಕಿ. ಅಪ್ಪ ಗಾಳಿ, ಮಂಜು, ತೋಡಿನ ನೀರು ಎಲ್ಲ ಬರೆಯುತ್ತಿದ್ದರು. ನಾನೂ ಹಾಗೇ ಬರೆಯಲು ಹೋಗಿ ವಾರದಲ್ಲೇ ಸೋತಿದ್ದೆ. ಮಳೆಯಿಲ್ಲದ ದಿನ ಸೊನ್ನೆ ಹಾಕಲೇಬೇಕೆಂಬುದು ಮಾತ್ರ ಅಪ್ಪನ ಹಟ. “ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ನೀನು ಏಳಲಿಲ್ಲವೋ, ಹೇಗೆ ಗೊತ್ತಾಗಬೇಕು?”

ಒಂದು ದಿನ ತಪ್ಪಿತು. ಮಡಿಕೇರಿಗೆ ಹೋದವನು ಅಲ್ಲೇ ಉಳಿದೆ. ಮರುದಿನ ಗೇಜ್‌ನಲ್ಲಿ ಎರಡೂ ದಿನದ ನೀರು ಒಟ್ಟಿಗೆ ಕಾಯುತ್ತಿತ್ತು. ಎರಡು ಸಾಲನ್ನೂ ಒಂದೇ ಬಳ್ಳಿಗೆರೆಯಿಂದ ಸೇರಿಸಿ ಒಟ್ಟು ಅಂಕಿ ಬರೆದೆ. ಮೊದಲಾಗಿದ್ದರೆ ಅಲ್ಲಿಗೇ ಪುಸ್ತಕ ಮುಚ್ಚುತ್ತಿದ್ದೆ. 21 ದಿನಕ್ಕೆ ರೂಢಿಯಾಗುತ್ತದೆ ಎನ್ನುವವರಿದ್ದಾರೆ, ನನಗೆ ಆಗಲಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಮಾನ್ಯವಾಗಿ 66 ದಿನ ಬೇಕಾಗಿತ್ತು. ಕೆಲವರಿಗೆ 18 ಸಾಕು, ಕೆಲವರಿಗೆ 254ರವರೆಗೂ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂದೂ ಕಂಡುಕೊಂಡರು. ನನ್ನ 66 ನಾಡಿದ್ದು. 254ರ ಗುಂಪಿನವನು ನಾನು ಎಂಬುದು ಅವ್ವನ ಅಂದಾಜು.

ಇವತ್ತು ಕಕ್ಕಡ 18. ಕೊಡಗಿನಲ್ಲಿ ಈ ದಿನ ಔಷಧಿಯೆಂದು ತಿನ್ನುವ ಮದ್ದುಸೊಪ್ಪು ಕುದಿದು ನೀರು ಗಾಢ ನೇರಳೆಯಾಗಿದೆ, ಪಾಯಸದ ತಯಾರಿ. ಈ ದಿನಕ್ಕೆ ಊರಲ್ಲಿ ಯಾರೂ ಅಲಾರಂ ಇಡುವುದಿಲ್ಲ. ಅಡುಗೆಮನೆಯ ಗಡಿಬಿಡಿಯಲ್ಲಿ ಯಾರೋ ಅಳತೆ ಗ್ಲಾಸನ್ನು ತೊಳೆದು ಎಲ್ಲೋ ಎತ್ತಿಟ್ಟಿದ್ದಾರೆ. ಮಲಗುವ ಮೊದಲು ಹುಡುಕಿ ಫಿಲ್ಟರ್ ಮೇಲಿಡಬೇಕು.